ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಮೈಮಾನಿಡೀಸ್: ಬಂದರ್ ಅಂಗಡಿಯಲ್ಲಿ ಕೂತು ಓದಿದ ಒಂದು ಕಾಗದ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಅಂಗಡಿಗೆ ಗಿರಾಕಿಗಳು ಬರುವುದು ಕಡಿಮೆ. ಮಂಗಳೂರಿನ ಬಂದರ್‌ನಲ್ಲಿ ನಮ್ಮದು ಕಾಳುಮೆಣಸು, ಅಡಿಕೆ, ಏಲಕ್ಕಿಯ ಸಗಟು ವ್ಯಾಪಾರ. ಅಜ್ಜನ ಕಾಲದ್ದು. ಕಳೆದ ಎಂಟು ತಿಂಗಳಿಂದ ಆ ಎರಡು ಗಂಟೆ ನನಗೆ ಒಂದೇ ಕೆಲಸ. ಬಿಲ್ಲಿನ ಲೆಕ್ಕ ಮುಚ್ಚಿಟ್ಟು, ಅದೇ ಕಂಪ್ಯೂಟರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ತೆರೆಯುತ್ತೇನೆ. ಎಂಟುನೂರು ವರ್ಷಗಳ ಹಿಂದಿನ ಒಬ್ಬ ಯಹೂದಿ ಪಂಡಿತರ ಕೈಬರಹ ನೋಡುತ್ತಾ ಕೂರುತ್ತೇನೆ. ಇದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಯಾರೂ ಕೇಳಿಯೂ ಇಲ್ಲ. ಹೆಸರು ನೋಂದಾಯಿಸಬೇಕು ಅಂತಲೂ ಇಲ್ಲ. ಇಂಥ ಒಂದು ಸೇವೆ ಇದೆ ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪಂಡಿತರ ಹೆಸರು ಮೋಶೆ ಬೆನ್ ಮೈಮೋನ್. ಅಂದರೆ ಮೈಮೋನರ ಮಗ ಮೋಶೆ. ಯಹೂದಿಗಳು ರಬ್ಬಿ ಮೋಶೆ ಬೆನ್ ಮೈಮೋನ್ ಎಂಬುದರ ಮೊದಲ ಅಕ್ಷರಗಳನ್ನು ಸೇರಿಸಿ 'ರಂಬಂ' ಎನ್ನುತ್ತಾರೆ. ಅರಬ್ಬರಿಗೆ ಮೂಸಾ ಇಬ್ನ್ ಮೈಮೂನ್. ಯುರೋಪಿನವರು ಇಟ್ಟ ಹೆಸರು ಮೈಮಾನಿಡೀಸ್.

ನನಗೆ ಈ ಹೆಸರು ಸಿಕ್ಕಿದ್ದು ಒಂದು ಕ್ಲಿನಿಕ್ಕಿನ ಗೋಡೆಯಲ್ಲಿ. ಶುಗರ್ ತೋರಿಸಲಿಕ್ಕೆ ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಕಾಯುವ ಕೋಣೆಯಲ್ಲಿ ಚೌಕಟ್ಟು ಹಾಕಿದ ಒಂದು ಇಂಗ್ಲಿಷ್ ಪ್ರಾರ್ಥನೆ ಇತ್ತು. ರೋಗಿಯಲ್ಲಿ ನೋವು ತಿನ್ನುವ ಮನುಷ್ಯನನ್ನು ಬಿಟ್ಟು ಬೇರೇನೂ ನನಗೆ ಕಾಣದಿರಲಿ ಎಂಬ ಅರ್ಥದ ಸಾಲು. ಕೆಳಗೆ 'ಮೈಮಾನಿಡೀಸ್ ಪ್ರಾರ್ಥನೆ' ಅಂತ. ಪ್ರತಿ ಸಲ ಓದುತ್ತಿದ್ದೆ. ಒಂದು ದಿನ ಡಾಕ್ಟರ ಹತ್ತಿರ ಕೇಳಿಯೇಬಿಟ್ಟೆ, "ಇವರು ಯಾರು ಡಾಕ್ಟ್ರೆ?" ಅಂತ. ಹಳೇ ಕಾಲದ ದೊಡ್ಡ ವೈದ್ಯರು ಎಂದರು. ಹೊರಗೆ ಜನ ಕಾಯುತ್ತಿದ್ದರು, ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದು ಹುಡುಕಿದರೆ ಆ ಪ್ರಾರ್ಥನೆ ಅವರದ್ದೇ ಅಲ್ಲ! ಮೊದಲು ಅಚ್ಚಾದದ್ದು 1783ರಲ್ಲಿ, ಜರ್ಮನ್ ಭಾಷೆಯಲ್ಲಿ. ಬರೆದವರು ಮಾರ್ಕುಸ್ ಹೆರ್ಟ್ಸ್ ಎಂಬ ಯಹೂದಿ ವೈದ್ಯರು ಎಂದು ಬಲ್ಲವರು ಹೇಳುತ್ತಾರೆ. ಮೈಮಾನಿಡೀಸ್ ತೀರಿಹೋದದ್ದು 1204ರಲ್ಲಿ. ಹೆಚ್ಚುಕಡಿಮೆ ಆರುನೂರು ವರ್ಷಗಳ ಅಂತರ. ನನಗೆ ಬೇಸರವಾಯಿತು. ಒಂದು ಮಾತನ್ನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಅದು ಆ ಮನುಷ್ಯರದ್ದಲ್ಲ. ಹಾಗಾದರೆ ಅವರದ್ದು ಅಂತ ಗ್ಯಾರಂಟಿ ಇರುವುದು ಯಾವುದು? ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

ಮೊದಲು ಒಂದು ಪುಸ್ತಕ ತರಿಸಿದೆ. ಆನ್‌ಲೈನ್ ಅಂಗಡಿಯೊಂದರಿಂದ, 640 ರೂಪಾಯಿಗೆ. ಬಂದದ್ದು ಮಸುಕು ಜೆರಾಕ್ಸಿನ ಹಾಗಿದ್ದ ಪ್ರತಿ. ನಡುವೆ ಹದಿನಾರು ಪುಟಗಳೇ ಇಲ್ಲ. ವಾಪಸು ಕಳಿಸಿದೆ, ದುಡ್ಡು ಬರಲಿಕ್ಕೆ ಒಂದು ತಿಂಗಳು ಬೇಕಾಯಿತು. ಆ ಒಂದು ತಿಂಗಳಲ್ಲೇ ನನ್ನ ಮಗಳು ಕೇಂಬ್ರಿಜ್‌ನ ಈ ತಾಣ ತೋರಿಸಿಕೊಟ್ಟಳು. "ಪಪ್ಪಾ, ಪುಸ್ತಕ ಯಾಕೆ, ಅವರ ಅಕ್ಷರವನ್ನೇ ನೋಡಿ" ಅಂದಳು.

ಕೇಂಬ್ರಿಜ್‌ಗೆ ಇವು ಬಂದದ್ದು ಹೇಗೆ ಎಂಬ ಕತೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಅಲ್ವಾ? ಯಹೂದಿಗಳಲ್ಲೂ ದೇವರ ಹೆಸರು ಬರೆದ ಕಾಗದವನ್ನು ಬಿಸಾಡುವಂತಿಲ್ಲ. ಹಳತಾದದ್ದನ್ನು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಅದಕ್ಕೆ ಜೆನಿಜಾ ಎಂದು ಹೆಸರು. ಈಜಿಪ್ಟಿನ ಹಳೇ ಕೈರೋದಲ್ಲಿ, ಅಂದರೆ ಆಗಿನ ಫುಸ್ತಾತ್‌ನಲ್ಲಿ, ಬೆನ್ ಎಜ್ರಾ ಎಂಬ ಮಂದಿರವಿದೆ. ಅಲ್ಲಿನ ಜನ ದೇವರ ಹೆಸರಿನ ಕಾಗದ ಮಾತ್ರ ಹಾಕಲಿಲ್ಲ. ಹೀಬ್ರೂ ಅಕ್ಷರದಲ್ಲಿ ಬರೆದ ಎಲ್ಲವನ್ನೂ ಹಾಕಿದರು. ಸಾಮಾನಿನ ಪಟ್ಟಿ, ಸಾಲದ ಪತ್ರ, ಮದುವೆ ಕರಾರು, ವ್ಯಾಪಾರದ ಕಾಗದ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಎಲ್ಲ. ಸಾವಿರ ವರ್ಷಗಳ ಕಾಗದ ಅಲ್ಲಿ ರಾಶಿ ಬಿತ್ತು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಒಂದೆರಡು ಹರಿದ ಹಾಳೆ ಕೊಂಡು ತಂದು ಕೇಂಬ್ರಿಜ್‌ನ ಪಂಡಿತ ಸಾಲೊಮನ್ ಶೆಖ್ಟರ್ ಅವರಿಗೆ ತೋರಿಸಿದರು. ಅದೇ ವರ್ಷದ ಕೊನೆಗೆ ಶೆಖ್ಟರ್ ಕೈರೋಗೆ ಹೊರಟರು. ಖರ್ಚಿಗೆ ದುಡ್ಡು ಕೊಟ್ಟವರು ಚಾರ್ಲ್ಸ್ ಟೇಲರ್. ಧೂಳು ಕುಡಿಯುತ್ತಾ ವಾರಗಟ್ಟಲೆ ಕೂತು ಆರಿಸಿದರು. ಕೇಂಬ್ರಿಜ್‌ನ ಈ ಸಂಗ್ರಹಕ್ಕೆ ಇಬ್ಬರ ಹೆಸರೂ ಇದೆ, ಟೇಲರ್-ಶೆಖ್ಟರ್ ಸಂಗ್ರಹ. ಅಲ್ಲಿ ಈಗ ಸುಮಾರು 1,93,000 ತುಂಡುಗಳಿವೆ. ಮೈಮಾನಿಡೀಸ್ ಬದುಕಿನ ಕೊನೆಯ ಮೂವತ್ತು ಚಿಲ್ಲರೆ ವರ್ಷ ಇದ್ದದ್ದು ಇದೇ ಫುಸ್ತಾತ್‌ನಲ್ಲಿ. ಹಾಗಾಗಿ ಅವರ ಕಾಗದಗಳೂ ಆ ರಾಶಿಯಲ್ಲಿ ಸಿಕ್ಕಿವೆ. ಪ್ರತಿಗಾರರು ನಕಲು ಮಾಡಿದ್ದಲ್ಲ, ಅವರ ಕೈಯಿಂದಲೇ ಬಂದದ್ದು.

ಈಗ ತಾಣದ ವಿಷಯ. ಒಂದು ಹಾಳೆ ಆರಿಸಿದರೆ ಅದರ ಫೋಟೋ ಪರದೆ ತುಂಬಾ ಬರುತ್ತದೆ. ಮೌಸ್‌ನ ಗಾಲಿ ತಿರುಗಿಸಿದರೆ ಹತ್ತಿರ, ಇನ್ನೂ ಹತ್ತಿರ. ಎಷ್ಟು ಹತ್ತಿರ ಅಂದರೆ ಕಾಗದದ ನಾರು ಕಾಣುತ್ತದೆ. ಲೇಖನಿಯಲ್ಲಿ ಶಾಯಿ ಮುಗಿಯುತ್ತಾ ಬಂದು ಅಕ್ಷರ ತೆಳುವಾದದ್ದು, ಮತ್ತೆ ಅದ್ದಿ ಬರೆದಾಗ ದಪ್ಪ ಆದದ್ದು ಗೊತ್ತಾಗುತ್ತದೆ. ಪಕ್ಕದಲ್ಲಿ ಅದು ಏನು, ಯಾವ ಭಾಷೆ, ಯಾರು ಯಾರಿಗೆ ಬರೆದದ್ದು ಎಂಬ ವಿವರ ಇಂಗ್ಲಿಷಿನಲ್ಲಿ ಇದೆ. ಹಾಳೆ ತಿರುಗಿಸಬಹುದು, ಹಿಂಬದಿ ನೋಡಬಹುದು, ಸ್ವಂತ ಓದಿಗೆ ಚಿತ್ರ ಇಳಿಸಿಕೊಳ್ಳಬಹುದು.

ನಾನು ಮೊದಲು ತೆರೆದದ್ದು ಅವರ ದೊಡ್ಡ ತತ್ವಗ್ರಂಥದ ಕರಡು. ಗೊಂದಲದಲ್ಲಿ ಬಿದ್ದವರಿಗೆ ದಾರಿ ತೋರುವ ಪುಸ್ತಕ ಅದು. ಬುದ್ಧಿಗೆ ಒಪ್ಪುವುದು ಒಂದು, ಧರ್ಮಗ್ರಂಥ ಹೇಳುವುದು ಇನ್ನೊಂದು ಅಂತ ತೊಳಲಾಡುವ ಒಬ್ಬ ಶಿಷ್ಯನಿಗಾಗಿ ಬರೆದದ್ದು. 1190ರ ಹೊತ್ತಿಗೆ ಮುಗಿಯಿತು. ಲ್ಯಾಟಿನ್‌ಗೂ ಹೋಯಿತು, ಕ್ರೈಸ್ತ ಪಂಡಿತರೂ ಓದಿದರು. ಅಂಥ ಪುಸ್ತಕದ ಕರಡು ಹೇಗಿದೆ ಗೊತ್ತಾ? ಸಾಲು ಹೊಡೆದು ಹಾಕಿದ್ದಾರೆ. ಮೇಲೆ ಬೇರೆ ಪದ ಸೇರಿಸಿದ್ದಾರೆ. ಅಕ್ಷರ ಓಡುತ್ತದೆ, ಒಂದಕ್ಕೊಂದು ಅಂಟಿಕೊಂಡು. ಚಂದದ ಕೈಬರಹ ಅಲ್ಲ. ನಮ್ಮ ತಂದೆಯವರ ಖಾತೆ ಪುಸ್ತಕ ನೋಡಿ ಬೆಳೆದವನು ನಾನು. ಸಂಜೆ ಲಾರಿ ಬರುವ ಹೊತ್ತಿಗೆ ಬರೆದ ಅಕ್ಷರಕ್ಕೂ ಭಾನುವಾರ ಕೂತು ಬರೆದದ್ದಕ್ಕೂ ವ್ಯತ್ಯಾಸ ನನಗೆ ಕಣ್ಣಿಗೇ ಗೊತ್ತಾಗುತ್ತದೆ. ಈ ಬರಹ ಯೋಚನೆಯ ಹಿಂದೆ ಕೈ ಓಡಿದ್ದು. ಒಂದು ಅಕ್ಷರ ಓದಲು ಬಾರದಿದ್ದರೂ ಅಷ್ಟು ತಿಳಿಯುತ್ತದೆ.

ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಇದು ನಮಗೆ ಅರ್ಥ ಆಗದ ವಿಷಯ ಏನಲ್ಲ. ನಾವು ತುಳುವನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತೇವಲ್ಲ, ಹಾಗೆಯೇ. ಮನೆ, ಪೇಟೆ, ವ್ಯಾಪಾರ ಎಲ್ಲ ಅರಬ್ಬಿ. ಕಲಿತ ಅಕ್ಷರ ಮಾತ್ರ ಹೀಬ್ರೂ.

ಇನ್ನೊಂದು ತುಂಡಿನ ಸುದ್ದಿ 2023ರಲ್ಲಿ ಬಂತು. ಗ್ರನಾಡಾದ ವಿದ್ವಾಂಸ ಹೋಸೆ ಮಾರ್ತಿನೆಸ್ ದೆಲ್ಗಾದೊ ಕೇಂಬ್ರಿಜ್‌ನ ರಾಶಿಯಲ್ಲಿ ಒಂದು ಪದಪಟ್ಟಿ ಕಂಡರು. ಬರೆದವರು ಮೈಮಾನಿಡೀಸ್. ಬಣ್ಣ, ರುಚಿ, ವಾಸನೆ, ತಿನ್ನುವ ಸಾಮಾನು, ಹೀಗೆ ಸಣ್ಣ ಸಣ್ಣ ಪದಗಳು. ಅರಬ್ಬಿ ಪದ, ಅದರ ಕೆಳಗೆ ಸ್ಪೇನ್ ಕಡೆಯ ಹಳೇ ಆಡುಮಾತಿನ ಪದ. ಅಷ್ಟು ದೊಡ್ಡ ಪಂಡಿತರು ಶಾಲೆ ಹುಡುಗನ ಹಾಗೆ ಪದಪಟ್ಟಿ ಮಾಡಿದ್ದು ನೋಡಿ ನನಗೆ ಬಹಳ ಪ್ರೀತಿ ಬಂತು. ಬಿಟ್ಟು ಬಂದ ಊರಿನ ಮಾತಲ್ವಾ ಅದು.

ಊರು ಬಿಟ್ಟದ್ದು ಹೇಗೆಂದರೆ, ಅವರು ಹುಟ್ಟಿದ್ದು 1138ರಲ್ಲಿ, ಸ್ಪೇನಿನ ಕೊರ್ದೊಬಾದಲ್ಲಿ. ಅಪ್ಪ ಮೈಮೋನ್ ಯಹೂದಿ ನ್ಯಾಯಾಧೀಶರು. 1148ರಲ್ಲಿ ಉತ್ತರ ಆಫ್ರಿಕಾದ ಅಲ್ಮೊಹದ್ ರಾಜರು ಊರು ಹಿಡಿದರು. ಬೇರೆ ಧರ್ಮದವರು ಮತಾಂತರ ಆಗಬೇಕು, ಇಲ್ಲ ಹೊರಡಬೇಕು. ಹತ್ತು ವರ್ಷದ ಹುಡುಗ ಅಲ್ಲಿಂದ ಊರೂರು ಅಲೆಯಲು ಶುರು ಮಾಡಿದ. ಮೊರೊಕ್ಕೊದ ಫೆಜ್‌ನಲ್ಲಿ ಕೆಲವು ವರ್ಷ. 1165ರಲ್ಲಿ ಮನೆಯವರೆಲ್ಲ ಹಡಗು ಹತ್ತಿ ಈಗಿನ ಇಸ್ರೇಲಿನ ಆಕ್ರೆ ಬಂದರಿಗೆ. ನಡುವೆ ದೊಡ್ಡ ಬಿರುಗಾಳಿ. ಬದುಕುಳಿದರೆ ಪ್ರತಿವರ್ಷ ಆ ದಿನ ಉಪವಾಸ ಇರುತ್ತೇನೆ, ದಾನ ಕೊಡುತ್ತೇನೆ ಎಂದು ಮೈಮಾನಿಡೀಸ್ ಹರಕೆ ಹೊತ್ತರು. ಆಮೇಲೆ ಈಜಿಪ್ಟ್. ಸಮುದ್ರ ಎಂದರೆ ಏನು ಎಂದು ಅವರು ಮೈಮೇಲೆ ಅನುಭವಿಸಿದವರು. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈ ಅಲೆದಾಟದಲ್ಲೇ ಅವರು ಯಹೂದಿ ಕಾನೂನಿನ ಹಳೇ ಸಂಗ್ರಹವಾದ ಮಿಶ್ನಾಕ್ಕೆ ಟೀಕೆ ಬರೆದರು. 1168ರಲ್ಲಿ ಮುಗಿಸಿದರು. ಅದರ ಬೆನ್ನಿಗೇ ಹತ್ತು ವರ್ಷಗಳ ಕೆಲಸ, ಮಿಶ್ನೆ ತೋರಾ. 14 ಭಾಗ. ಯಹೂದಿ ಕಾನೂನು ಪೂರ್ತಿ, ಸಾಮಾನ್ಯ ಓದುಗನಿಗೆ ಅರ್ಥವಾಗುವ ತಿಳಿ ಹೀಬ್ರೂನಲ್ಲಿ, ವಿಷಯವಾರು ಜೋಡಿಸಿ. ಯಾರು ಎಲ್ಲಿ ಹೇಳಿದ್ದು ಎಂದು ಆಧಾರ ಕೊಡಲಿಲ್ಲ ಎಂದು ಆಗಿನ ಪಂಡಿತರು ಬಹಳ ಆಕ್ಷೇಪ ಎತ್ತಿದರು. ನನಗೆ ಅದರ ಬಗ್ಗೆ ಮಾತಾಡುವ ಯೋಗ್ಯತೆ ಇಲ್ಲ. ಒಂದು ಭಾಗ ಮಾತ್ರ ಅನುವಾದದಲ್ಲಿ ಓದಿದ್ದೇನೆ. ದಾನಕ್ಕೆ ಎಂಟು ಮೆಟ್ಟಿಲು ಎಂದು ಅವರು ಹೇಳುತ್ತಾರೆ. ಕೆಳಗಿನ ಮೆಟ್ಟಿಲು ಗೊಣಗಿಕೊಂಡು ಕೊಡುವುದು. ಎಲ್ಲಕ್ಕಿಂತ ಮೇಲಿನದ್ದು ಯಾವುದು? ಬಿದ್ದವನಿಗೆ ಸಾಲ ಕೊಡುವುದು, ವ್ಯಾಪಾರದಲ್ಲಿ ಪಾಲು ಕೊಡುವುದು, ಕೆಲಸ ಕೊಡಿಸುವುದು. ಮತ್ತೆ ಯಾರ ಮುಂದೂ ಕೈ ಚಾಚದ ಹಾಗೆ ಮಾಡುವುದು. ನಮ್ಮ ಅಜ್ಜನಿಗೆ ಇದೇ ಬಂದರ್‌ನಲ್ಲಿ ಒಬ್ಬ ಬ್ಯಾರಿ ಸಾಹುಕಾರರು ಎರಡು ಮೂಟೆ ಮೆಣಸು ಕಡ ಕೊಟ್ಟು ಅಂಗಡಿ ಶುರು ಮಾಡಿಸಿದ್ದು. ಅದಕ್ಕೇ ಆ ಸಾಲು ನನ್ನೊಳಗೆ ನಿಂತಿತು.

ಕಲಿತವರು ಜನರ ದುಡ್ಡಿನಲ್ಲಿ ಬದುಕಬಾರದು, ದುಡಿದು ತಿನ್ನಬೇಕು ಎಂದೂ ಅದೇ ಗ್ರಂಥದಲ್ಲಿ ಗಟ್ಟಿಯಾಗಿ ಬರೆದಿದ್ದಾರೆ. ಸರಿ, ಹಾಗಾದರೆ ಅವರು ಕೂತು ಬರೆಯುತ್ತಿದ್ದ ಆ ವರ್ಷಗಳಲ್ಲಿ ಮನೆ ನಡೆಸಿದವರು ಯಾರು?

ತಮ್ಮ. ದಾವೀದ್.

ಈ ಲೈಬ್ರರಿಯಲ್ಲಿ ನಾನು ಅತಿ ಹೆಚ್ಚು ಸಲ ತೆರೆದ ಹಾಳೆ ದಾವೀದನದ್ದೇ. ಗುರುತು ಓ.ಆರ್. 1081 ಜೆ 1. ಅವನು ಅಣ್ಣನಿಗೆ ಬರೆದ ಕಾಗದ. ಬರೆದ ಜಾಗ ಐಧಾಬ್, ಕೆಂಪು ಸಮುದ್ರದ ಆಫ್ರಿಕಾ ದಡದ ಒಂದು ರೇವು. ಕಾಲ ಸುಮಾರು 1170. ಅವನು ಮುತ್ತು, ಹವಳದಂಥ ಬೆಲೆಬಾಳುವ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಎಂದು ಹೇಳುತ್ತಾರೆ. ನೈಲ್ ನದಿಯ ದಡದ ಕೂಸ್ ಊರಿನಿಂದ ಐಧಾಬ್‌ಗೆ ಮರುಭೂಮಿ ದಾಟಬೇಕು. ದೊಡ್ಡ ಗುಂಪಿನ ಜೊತೆ ಹೋಗುವುದು ಕ್ರಮ. ಇವನು ಗುಂಪು ಬಿಟ್ಟು ಒಬ್ಬನೇ ಒಬ್ಬ ಜೊತೆಗಾರನೊಂದಿಗೆ ಹೊರಟುಬಿಟ್ಟ. ತಿಳಿಯದೆ ಮಾಡಿದೆ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಹೇಗೋ ಬದುಕಿ ಬಂದ. ಹಿಂದೆ ಬಂದ ಗುಂಪನ್ನು ನೋಡಿದರೆ, ಕಳ್ಳರು ದೋಚಿದ್ದರು. ಕೆಲವರಿಗೆ ಗಾಯ, ಕೆಲವರು ನೀರಿಲ್ಲದೆ ಸತ್ತಿದ್ದರು. ಊರಿಗೆ ಬಂದಾದ ಮೇಲೆ ಇವನಿಗೆ ನಡುಕ. ಮನಸ್ಸು ಸರಿಯಿಲ್ಲ, ಪೇಟೆಯಲ್ಲಿ ನಡೆಯುತ್ತಿದ್ದೇನೆ, ಎಲ್ಲಿದ್ದೇನೆ ಎಂದೇ ಗೊತ್ತಾಗುತ್ತಿಲ್ಲ, ನೀವು ನನ್ನ ಬಗ್ಗೆ ಎಷ್ಟು ಚಿಂತೆ ಮಾಡುತ್ತಿರುತ್ತೀರಿ ಎಂದು ಮೊದಲೇ ಹೊಳೆಯಲಿಲ್ಲ ಎಂದು ಬರೆಯುತ್ತಾನೆ.

ಅಷ್ಟು ಕಷ್ಟಪಟ್ಟು ಬಂದ ಐಧಾಬ್‌ನಲ್ಲಿ ಮಾಲು ಇಲ್ಲ. ಹೊರಗಿನಿಂದ ಏನೂ ಬಂದಿಲ್ಲ. ಕೊಳ್ಳಲಿಕ್ಕೆ ಇದ್ದದ್ದು ನೀಲಿ ಮಾತ್ರ. ಬಟ್ಟೆಗೆ ಬಣ್ಣ ಹಾಕುವ ನೀಲಿ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಹೇಗೆ? ವ್ಯಾಪಾರಸ್ಥನ ಈ ಸಂಕಟ ನನಗೆ ಪೂರ್ತಿ ಗೊತ್ತು. ಮರುಭೂಮಿಯನ್ನೇ ದಾಟಿದೆ, ಇನ್ನು ಸಮುದ್ರ ಯಾವ ಲೆಕ್ಕ ಎಂದು ಅವನಿಗೆ ಅನಿಸಿತು. ಇಂಡಿಯಾಕ್ಕೆ ಹೋಗುವ ಹಡಗು ಹತ್ತುತ್ತೇನೆ ಎಂದು ತೀರ್ಮಾನ ಮಾಡಿದ.

ಅಣ್ಣನಿಗೆ ಇದನ್ನು ಹೇಗೆ ಹೇಳುವುದು? ಬಿರುಗಾಳಿಯ ನೆನಪಿಗೆ ವರ್ಷ ವರ್ಷ ಉಪವಾಸ ಕೂರುವ ಅಣ್ಣನಿಗೆ? ಚಿಂತೆ ಮಾಡಬೇಡ, ಮರುಭೂಮಿಯಲ್ಲಿ ಕಾಪಾಡಿದವನು ಸಮುದ್ರದಲ್ಲೂ ಕಾಪಾಡುತ್ತಾನೆ ಎನ್ನುತ್ತಾನೆ. ಹೆಂಡತಿಯನ್ನು 'ಚಿಕ್ಕವಳು' ಎಂದು ಕರೆಯುತ್ತಾನೆ. ಅವಳಿಗೂ ಅವಳ ಅಕ್ಕತಂಗಿಗೂ ಧೈರ್ಯ ಹೇಳು, ಹೆದರಿಸಬೇಡ ಎನ್ನುತ್ತಾನೆ. ಇದೆಲ್ಲ ನಿಮ್ಮೆಲ್ಲರಿಗಾಗಿಯೇ ಮಾಡುತ್ತಿದ್ದೇನೆ, ನೀನು ಯಾವತ್ತೂ ನನ್ನ ಮೇಲೆ ಹೊರೆ ಹಾಕಿದವನಲ್ಲ ಎಂದೂ ಸೇರಿಸುತ್ತಾನೆ. ಈ ಕಾಗದ ನಿನ್ನ ಕೈಗೆ ಸಿಗುವಾಗ ನಾನು ದಾರಿಯ ಹೆಚ್ಚಿನ ಪಾಲು ದಾಟಿರುತ್ತೇನೆ ಎನ್ನುತ್ತಾನೆ. ಕೊನೆಗೆ ತಾರೀಕು ಹಾಕಿ, ಅಂಚೆ ಒಯ್ಯುವ ಗುಂಪು ಹೊರಡುವ ಹೊತ್ತಾಯಿತು ಎಂದು ಮುಗಿಸುತ್ತಾನೆ.

ದೊಡ್ಡದು ಮಾಡಿ ನೋಡಿ. ಸಾಲುಗಳು ಒತ್ತೊತ್ತಾಗಿವೆ. ಹೇಳಲಿಕ್ಕೆ ಜಾಸ್ತಿ ಇದೆ, ಜಾಗ ಕಡಿಮೆ, ಹೊತ್ತೂ ಇಲ್ಲ.

ದಾವೀದ್ ಇಂಡಿಯಾ ಸಮುದ್ರದಲ್ಲಿ ಮುಳುಗಿ ತೀರಿಹೋದ. ಅವನ ದುಡ್ಡು, ಅಣ್ಣನ ದುಡ್ಡು, ಬೇರೆಯವರ ದುಡ್ಡು ಎಲ್ಲ ಅವನ ಜೊತೆಗೇ ಹೋಯಿತು. ಹಿಂದೆ ಉಳಿದವರು ಹೆಂಡತಿ, ಒಂದು ಸಣ್ಣ ಹೆಣ್ಣುಮಗು.

ಮೈಮಾನಿಡೀಸ್ ಇದರ ಬಗ್ಗೆ ವರ್ಷಗಳ ಮೇಲೆ ಆಕ್ರೆಯ ಒಬ್ಬ ಸ್ನೇಹಿತರಿಗೆ ಬರೆದ ಕಾಗದ ಉಳಿದಿದೆ. ಸುದ್ದಿ ಬಂದ ದಿನದಿಂದ ಹೆಚ್ಚುಕಡಿಮೆ ಒಂದು ವರ್ಷ ಹಾಸಿಗೆ ಹಿಡಿದಿದ್ದೆ, ಜ್ವರ, ಬದುಕುವ ಆಸೆಯೇ ಇರಲಿಲ್ಲ ಎನ್ನುತ್ತಾರೆ. ಎಂಟು ವರ್ಷ ಕಳೆದಿದೆ, ಇನ್ನೂ ದುಃಖ ಆರಿಲ್ಲ. ಅವನು ನನ್ನ ಮಡಿಲಲ್ಲಿ ಬೆಳೆದವನು, ತಮ್ಮನೂ ಅವನೇ, ಶಿಷ್ಯನೂ ಅವನೇ. ಅವನು ಪೇಟೆಯಲ್ಲಿ ದುಡಿದ, ನಾನು ನೆಮ್ಮದಿಯಾಗಿ ಕೂತಿದ್ದೆ. ಆಮೇಲೆ ಒಂದು ಮಾತು ಬರುತ್ತದೆ. ಅವನ ಕೈಬರಹವೋ ಅವನ ಪುಸ್ತಕವೋ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಎದೆ ಒಳಗೊಳಗೇ ಮಗುಚುತ್ತದೆ.

ಅವನ ಕೈಬರಹ! ನಾನು ಬಂದರ್‌ನಲ್ಲಿ ಕೂತು ನೋಡುವುದು ಅದೇ ಕೈಬರಹ. ಈ ಎರಡು ಕಾಗದಗಳನ್ನು ಒಟ್ಟಿಗೆ ಓದಿದ ದಿನ ನಾನು ಅಂಗಡಿ ಬೇಗ ಮುಚ್ಚಿದೆ.

ದಾವೀದ್ ಹೋದ ಮೇಲೆ ಮನೆಯ ಹೊರೆ ಅಣ್ಣನ ಮೇಲೆ ಬಿತ್ತು. ಓದಿದ್ದ ವೈದ್ಯವೇ ಕೈ ಹಿಡಿಯಿತು. ಸುಲ್ತಾನ ಸಲಾದಿನ್‌ನ ಮಂತ್ರಿ ಅಲ್-ಖಾದಿ ಅಲ್-ಫಾದಿಲ್‌ಗೆ ವೈದ್ಯರಾದರು. ಸಲಾದಿನ್‌ನ ಮಗನಿಗೆ ಆರೋಗ್ಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದುಕೊಟ್ಟರು. ದಮ್ಮು, ಮೂಲವ್ಯಾಧಿ, ವಿಷ, ಒಂದೊಂದರ ಮೇಲೂ ಪುಸ್ತಕ. 1199ರಲ್ಲಿ ಅವರ ತತ್ವಗ್ರಂಥವನ್ನು ಹೀಬ್ರೂಗೆ ಅನುವಾದ ಮಾಡುತ್ತಿದ್ದ ಸ್ಯಾಮುವೆಲ್ ಇಬ್ನ್ ತಿಬ್ಬೋನ್ ನಿಮ್ಮನ್ನು ನೋಡಲು ಬರುತ್ತೇನೆ ಎಂದಾಗ, ಬಂದರೆ ನಿಮಗೆ ಒಂದು ಗಂಟೆಯೂ ಸಿಗಲಿಕ್ಕಿಲ್ಲ ಎಂದು ತಮ್ಮ ದಿನಚರಿ ಬರೆದು ಕಳಿಸಿದರು. ಬೆಳಿಗ್ಗೆಯೇ ಫುಸ್ತಾತ್‌ನಿಂದ ಕೈರೋದ ಅರಮನೆಗೆ. ಅಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ದಿನವಿಡೀ ಅಲ್ಲೇ. ಇಲ್ಲದಿದ್ದರೂ ಮನೆಗೆ ಬರುವುದು ಮಧ್ಯಾಹ್ನ ಕಳೆದ ಮೇಲೆ, ಹಸಿದುಕೊಂಡು. ಬಂದರೆ ಜಗಲಿ ತುಂಬಾ ಜನ. ಯಹೂದಿಗಳು, ಬೇರೆಯವರು, ದೊಡ್ಡವರು, ಬಡವರು. ಸವಾರಿಯಿಂದ ಇಳಿದು, ಕೈ ತೊಳೆದು, ಸ್ವಲ್ಪ ತಿಂದು ಬರುತ್ತೇನೆ, ದಯಮಾಡಿ ಕಾಯಿರಿ ಎಂದು ಅವರನ್ನೇ ಕೇಳಿಕೊಳ್ಳುವುದು. ದಿನಕ್ಕೆ ಅದೊಂದೇ ಊಟ. ಆಮೇಲೆ ರಾತ್ರಿಯವರೆಗೆ ರೋಗಿಗಳು. ಸುಸ್ತಾಗಿ ಮಲಗಿಕೊಂಡೇ ಮದ್ದು ಹೇಳುವುದು. ಕೊನೆಗೆ ಮಾತೇ ಹೊರಡುವುದಿಲ್ಲ.

ಕ್ಲಿನಿಕ್ಕಿನ ಗೋಡೆಯ ಪ್ರಾರ್ಥನೆಗಿಂತ ಇದು ಎಷ್ಟೋ ಮೇಲು. ನಮ್ಮ ಡಾಕ್ಟರಿಗೆ ಇದರ ಅನುವಾದ ಪ್ರಿಂಟ್ ಮಾಡಿ ಕೊಟ್ಟೆ. ಅವರು ನಿಂತುಕೊಂಡೇ ಪೂರ್ತಿ ಓದಿದರು. ಊಟದ ಸಾಲಿನ ಮೇಲೆ ಬೆರಳಿಟ್ಟು "ಇದು ನಿಜ" ಎಂದರು.

ನನ್ನ ಕಡೆಯ ಮಾತೊಂದು. ನನ್ನ ಅಣ್ಣ ಕುವೈತ್‌ನಲ್ಲಿ ಹದಿನಾಲ್ಕು ವರ್ಷ ಇದ್ದ. ನಾನು ಬಿಕಾಂ ಮುಗಿಸಿದ್ದು ಅವನ ದುಡ್ಡಲ್ಲಿ. 1990ರಲ್ಲಿ ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದಾಗ ಅವನ ಸುದ್ದಿ ಇರಲಿಲ್ಲ. ಆಗ ಒಬ್ಬ ಪರಿಚಯದವರ ಕೈಯಲ್ಲಿ ಒಂದು ಚೀಟಿ ಕಳಿಸಿದ್ದ. ನಾನು ಆರಾಮ, ರಸ್ತೆಯಲ್ಲೇ ಅಮ್ಮಾನ್‌ಗೆ ಹೊರಡುತ್ತಿದ್ದೇವೆ, ಅಮ್ಮನಿಗೆ ಜಾಸ್ತಿ ಹೇಳಬೇಡ ಅಂತ. ಅವನು ವಾಪಸು ಬಂದ, ಆಮೇಲೆ ಈ ಅಂಗಡಿಯಲ್ಲೇ ನನ್ನ ಜೊತೆ ಕೂತ. ತೀರಿಹೋಗಿ ಆರು ವರ್ಷವಾಯಿತು. ಆ ಚೀಟಿ ನನ್ನ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದೆ. ನಾಲ್ಕು ಮಡಿಕೆ, ಮಡಿಕೆಯ ಜಾಗದಲ್ಲಿ ಅಕ್ಷರ ಹೋಗಿದೆ. ಹಾಗಾಗಿ ದಾವೀದನ ಕಾಗದ ನನಗೆ ಇತಿಹಾಸದ ವಸ್ತು ಅಂತ ಅನಿಸುವುದೇ ಇಲ್ಲ.

ಮಂಗಳೂರಿನವರಿಗೆ ಇನ್ನೊಂದು ಕಾರಣವೂ ಇದೆ ಈ ಸಂಗ್ರಹ ನೋಡಲಿಕ್ಕೆ. ಇದೇ ಜೆನಿಜಾದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು ಸಿಕ್ಕಿವೆ. ಟ್ಯುನೀಷಿಯಾದ ಯಹೂದಿ. 1132ರಿಂದ 1149ರವರೆಗೆ ಹೆಚ್ಚಾಗಿ ನಮ್ಮ ಕರಾವಳಿಯಲ್ಲೇ ಇದ್ದ. ಮೈಮಾನಿಡೀಸ್ ಕೊರ್ದೊಬಾದಲ್ಲಿ ಮಗುವಾಗಿದ್ದ ಕಾಲ ಅದು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ಹೆಣ್ಣಿಗೆ ದಾಸ್ಯದಿಂದ ಬಿಡುಗಡೆ ಬರೆದುಕೊಟ್ಟ ಪತ್ರ ಉಳಿದಿದೆ. ಅವನ ಏಜೆಂಟನಾಗಿ ಯೆಮನ್‌ನ ಏಡನ್‌ಗೆ ಹೋಗಿಬರುತ್ತಿದ್ದವನು ಬೊಮ್ಮ. ಇಲ್ಲಿಂದ ಹೋದದ್ದು ಕಬ್ಬಿಣ, ಮೆಣಸು, ಅಡಿಕೆ, ಏಲಕ್ಕಿ. ಏಡನ್‌ನಿಂದ ಬಂದದ್ದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಒಡೆದ ಕಂಚನ್ನು ಅಲ್ಲಿಂದ ಕಳಿಸುತ್ತಿದ್ದರು, ಇಲ್ಲಿ ಕರಗಿಸಿ ಪಾತ್ರೆ ಮಾಡಿ ವಾಪಸು. ಮೆಣಸು, ಅಡಿಕೆ, ಏಲಕ್ಕಿ! ನಮ್ಮ ಅಂಗಡಿಯ ಬೋರ್ಡಿನಲ್ಲಿ ಇರುವುದೂ ಈ ಮೂರೇ. ದಾವೀದ್ ಹಡಗು ಹತ್ತಿದ್ದು ಇದೇ ದಾರಿಯ ವ್ಯಾಪಾರಕ್ಕೆ. ಅವನು ಬಂದು ಮುಟ್ಟಿದ್ದರೆ ಯಾವ ರೇವಿನಲ್ಲಿ ಇಳಿಯುತ್ತಿದ್ದ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನೋಡಬೇಕೆಂದು ಇರುವವರಿಗೆ ಕೆಲವು ಮಾತು. ಮೊಬೈಲಿಗಿಂತ ದೊಡ್ಡ ಪರದೆ ಒಳ್ಳೆಯದು, ಚಿತ್ರದ ಸುಖ ಅಲ್ಲೇ. ಹುಡುಕುವ ಜಾಗದಲ್ಲಿ ಮೈಮಾನಿಡೀಸ್ ಎಂದು ಇಂಗ್ಲಿಷಿನಲ್ಲಿ ಹಾಕಿ. ನಾನು ಹೇಳಿದ ಗುರುತು ಹಾಕಿದರೆ ನೇರ ದಾವೀದನ ಕಾಗದ ಹುಡುಕಬಹುದು. ಇಂಗ್ಲಿಷ್ ವಿವರ ಓದಲು ಕಷ್ಟವಾದರೆ ಮನೆಯಲ್ಲಿ ಕಾಲೇಜಿಗೆ ಹೋಗುವವರನ್ನು ಪಕ್ಕ ಕೂರಿಸಿಕೊಳ್ಳಿ, ಅವರಿಗೂ ಒಳ್ಳೆಯದು. ಕಾಗದದ ಪೂರ್ತಿ ಅನುವಾದ ಬೇಕೆಂದರೆ ಎಸ್. ಡಿ. ಗೊಯ್ಟೈನ್ ಅವರ ಕೆಲಸ ಹುಡುಕಿ. ಈ ವ್ಯಾಪಾರಿಗಳ ಕಾಗದಗಳಿಗೆ ಇಡೀ ಬದುಕು ಕೊಟ್ಟವರು ಅವರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೆನಿಜಾ ತಾಣವೂ ಉಚಿತ, ಅಲ್ಲಿ ಹಾಳೆಗಳಲ್ಲಿ ಬರೆದದ್ದನ್ನು ಟೈಪ್ ಮಾಡಿ ಇಟ್ಟಿದ್ದಾರೆ. ಎರಡನ್ನೂ ಪಕ್ಕ ಪಕ್ಕ ತೆರೆದು ನೋಡಿದರೆ ಒಳ್ಳೆಯದು. ಒಂದೇ ದಿನ ಎಲ್ಲ ನೋಡುತ್ತೇನೆ ಎಂದು ಹೊರಡಬೇಡಿ. ದಿನಕ್ಕೆ ಒಂದು ಹಾಳೆ ಸಾಕು. ಜನರು ಪ್ರಶ್ನೆ ಬರೆದು ಕಳಿಸಿ, ಮೈಮಾನಿಡೀಸ್ ಅದೇ ಹಾಳೆಯ ಕೆಳಗೆ ಎರಡು ಸಾಲಿನ ಉತ್ತರ ಬರೆದು 'ಮೋಶೆ ಬರೆದದ್ದು' ಎಂದು ಸಹಿ ಹಾಕಿದ ಚೀಟಿಗಳೂ ಜೆನಿಜಾದಲ್ಲಿ ಸಿಕ್ಕಿವೆ. ಆ ಸಹಿಯನ್ನು ಒಮ್ಮೆ ನೋಡಲೇಬೇಕು.

ನನ್ನ ಕಡೆಯಿಂದ ಐದಕ್ಕೆ ಐದು ನಕ್ಷತ್ರ. ಇಂಥದ್ದನ್ನು ಬೀಗ ಹಾಕಿ ಇಡಬಹುದಿತ್ತು. ತೆರೆದು ಇಟ್ಟಿದ್ದಾರೆ, ಬಂದರ್‌ನ ಮೆಣಸಿನ ಅಂಗಡಿಯವನಿಗೂ.

ಹೋದ ವಾರ ದಾವೀದನ ಕಾಗದದ ಚಿತ್ರ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹಾಕಿ ಹಂಪನಕಟ್ಟೆಯ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಕಲರ್ ಪ್ರಿಂಟ್, ದಪ್ಪ ಕಾಗದ, 20 ರೂಪಾಯಿ. ಹುಡುಗ ಮೆಷಿನ್ನಿನಿಂದ ತೆಗೆದು ಒಂದು ನಿಮಿಷ ನೋಡಿದ.

"ಇದು ಎಂತ ಭಾಷೆ ಸರ್?"

"ಅರಬ್ಬಿ. ಅಕ್ಷರ ಹೀಬ್ರೂ."

"ಯಾರದ್ದು?"

"ಒಬ್ಬ ತಮ್ಮ ಅಣ್ಣನಿಗೆ ಬರೆದದ್ದು. ಇಂಡಿಯಾಕ್ಕೆ ಹೊರಟಿದ್ದೇನೆ, ಹೆದರಬೇಡ ಅಂತ."

"ಲ್ಯಾಮಿನೇಶನ್ ಮಾಡ್ಲಿಕ್ಕುಂಟಾ?"

ಬೇಡ ಎಂದೆ. ಅಲ್ಲೇ ಕೌಂಟರಿನ ಮೇಲಿಟ್ಟು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ. ಈಗ ಅದು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದೆ, ಅಣ್ಣನ ಚೀಟಿಯ ಜೊತೆ.